ಟೊಮೆಟೊ ಗಿಡದ ತವರುಮನೆ

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಮಗ್ಗ ನಡೆಸುತ್ತಿದ್ದರು. ಮಗ್ಗದ ಬದಿಯ ಕಿಟಕಿಯಲ್ಲೇ ಎಣ್ಣೆ ಡಬ್ಬಿಗಳಿಗೆ ಮಣ್ಣು ತುಂಬಿ ತರಕಾರಿ ಬೆಳೆಯುತ್ತಿದ್ದರು. ಎಲೆಗಳ ಮೇಲೆ ಕೂತ ನೂಲಿನ ಧೂಳನ್ನು ಸೆರಗಿನಿಂದ ಒರೆಸುತ್ತ, "ನನ್ನ ಹೆಣ್ಣಮಕ್ಕಳ್ರೀ ಇವರು" ಎನ್ನುತ್ತಿದ್ದರು.

ಒಮ್ಮೆ ನನಗೊಂದು ಟೊಮೆಟೊ ಗಿಡ ಕೊಟ್ಟರು. ನಮ್ಮ ಅಡುಗೆಮನೆಯಲ್ಲಿ ಅದು ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ನೋಡಲು ಬಂದ ಅಕ್ಕ ಸೊಂಟಕ್ಕೆ ಕೈಯಿಟ್ಟು ನಕ್ಕರು.

"ನಿಮ್ಮ ಮನ್ಯಾಗ ಸಪ್ಪಳನ ಇಲ್ಲಲ್ರೀ! ಚೊಚ್ಚಲ ಬಾಣಂತನ ತವರಮನ್ಯಾಗ ಆಗ್ಬೇಕು. ಕರಕೊಂಡ ಹೋಗ್ತೇನಿ."

ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಅವರ ಮಗ್ಗ ಓಡಿದರೆ ನೆಲ, ಕಿಟಕಿ, ಹೂವು ಎಲ್ಲವೂ ನಡುಗುತ್ತಿದ್ದವು. ಆ ನಡುಕಕ್ಕೇ ಹೂವು ಕಾಯಾಗುತ್ತದೆ ಎನ್ನುತ್ತಿದ್ದರು.

ಕೆಲವು ವಾರಗಳಲ್ಲಿ ಗಿಡ ಮರಳಿತು. ಗೊಂಚಲು ತುಂಬ ಹಸಿರು ಕಾಯಿ. ತವರಿನವರು ಮಗಳಿಗೆ ರವಿಕೆಗೆಂದು ಕೊಡುವಂಥ ಹೊಸ ಕುಬಸದ ಖಣವನ್ನು ಡಬ್ಬಿಗೆ ಸುತ್ತಿದ್ದರು.

"ಮುಂದಿನ ಹೂವಿಗೆ ಏನ್ ಮಾಡ್ಲಿ, ಅಕ್ಕಾರ?"

"ನೀವ ಮಗ್ಗ ಆಗ್ರಿ."

ಮತ್ತೆ ಹೂ ಬಿಟ್ಟ ದಿನ ಬಾಗಿಲು ಹಾಕಿಕೊಂಡು ಗಿಡ ಅಲುಗಿಸಿದೆ. ಸಾಲದೆಂದು ಬಾಯಲ್ಲೂ "ಖಟಾಖಟ್, ಖಟಾಖಟ್" ಎಂದೆ. ಪಕ್ಕದ ಮಗ್ಗ ನಿಂತದ್ದನ್ನು ನಾನು ಗಮನಿಸಿರಲಿಲ್ಲ.

ಗೋಡೆಯಾಚೆಯಿಂದ ಅಕ್ಕನ ದನಿ ಬಂತು: "ಇನ್ನ ಸ್ವಲ್ಪ ಜೋರ ನಡಸ್ರಿ!"