ಎಣ್ಣೆ ಗಿರಣಿಯಲ್ಲಿ ಸಂದರ್ಶನ
ಮಗಳು ಮಂಗಳಗೌರಿಗೆ ಐಐಎಂನ ಎಂಬಿಎ ಸಂದರ್ಶನಕ್ಕೆ ಕರೆ ಬಂದಾಗಿನಿಂದ ಚಳ್ಳಕೆರೆಯ ಎಣ್ಣೆ ಗಿರಣಿಯ ಮುರುಗೇಂದ್ರಪ್ಪನವರು ನಮ್ಮ ತಲೆ ತಿನ್ನುತ್ತಿದ್ದರು. ದನಗಳಿಗೆ ಶೇಂಗಾ ಹಿಂಡಿ ತರಲೆಂದು ಹೋದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, "ನೀವೂ ಒಂದು ಪ್ರಶ್ನೆ ಕೇಳ್ರಿ, ನಮ್ ಹುಡುಗಿಗೆ ರೂಢಿ ಆಗ್ಲಿ" ಎನ್ನುತ್ತಿದ್ದರು. ಕೇಳಿದರೆ, ಅವಳು ಬಾಯಿ ತೆರೆಯುವ ಮೊದಲೇ ತಾವೇ ಉತ್ತರಿಸಿ, ಹಿಂಡಿ ತೂಗುವುದನ್ನೇ ಮರೆಯುತ್ತಿದ್ದರು. ಇಷ್ಟಾದರೂ ಅವಳಿಗೆ ಸೀಟು ಸಿಗಲಿಲ್ಲ. ಇನ್ನಾದರೂ ನಮಗೆ ನೆಮ್ಮದಿ ಎಂದುಕೊಂಡು ಹೋದರೆ, ಮುರುಗೇಂದ್ರಪ್ಪನವರ ಅಕ್ಕ ಮಂಗಳಗೌರಿಗೆ ಗಂಡಿನ ಫೋಟೊ ತಂದು ಕೂತಿದ್ದರು. "ಅಪ್ಪ, ಇನ್ನೊಂದ್ ಸಲ ಪರೀಕ್ಷೆ ಬರೀತೀನಿ" ಎಂದಳು ಅವಳು, ತಲೆ ಎತ್ತದೆ. ಮುರುಗೇಂದ್ರಪ್ಪನವರು ಫೋಟೊ ನೋಡದೆಯೇ ಪಕ್ಕಕ್ಕೆ ಸರಿಸಿ, "ನೀನು ಓದ್ಕೊ ಹೋಗವ್ವ. ಈ ಮದ್ವೆ ಮಾತು ನಿನ್ ಕಿವಿಗೆ ಬೀಳದಂಗೆ ನಾನ್ ನೋಡ್ಕೊಂತೀನಿ" ಎಂದರು.