ನೆಗೆಣ್ಣಿಯ ಪಾಲಾದ ಕೀಲಿಕೈ

ಹೋದ ವರ್ಷದ ಶ್ರಾವಣದ ಮಾತು. ನಮ್ಮ ಏಕಸಂಬಿಯ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಹೆಂಗಸರೇ ಹೋಳಿಗೆ ಮಾಡಿ ಬಂದವರಿಗೆಲ್ಲ ಬಡಿಸುತ್ತೇವೆ. ಸೋಮವಾರಕ್ಕೊಂದು ಮನೆಯ ಪಾಳಿ. ಅತ್ತೆಯ ಕಣ್ಣಿನ ಆಪರೇಷನ್ ಸುಸೂತ್ರವಾದರೆ ಕೊನೆಯ ಸೋಮವಾರದ ಹೋಳಿಗೆ ನನ್ನದೇ ಎಂದು ಶಿವನಿಗೆ ಹರಕೆ ಹೊತ್ತಿದ್ದೆ. ಅವನ ದಯೆ, ಅತ್ತೆಗೆ ಕಣ್ಣು ಚೊಕ್ಕ ಕಾಣತೊಡಗಿತ್ತು.

ಪಾಳಿ ಬರೆಯಲು ಪೂಜಾರಿಯವರ ಮಗಳು ಪಲ್ಲವಿ ಒಂದು ವೆಬ್‌ಸೈಟ್ ಮಾಡಿದ್ದಳು. ಮೊದಲು ಅದಕ್ಕೆ ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಯಾರು ಬೇಕಾದರೂ ಹೊಕ್ಕು ಬರೆಯಬಹುದಿತ್ತು, ಅಳಿಸಬಹುದಿತ್ತು. ಒಂದು ಮುಂಜಾನೆ ನೋಡಿದರೆ ಎಲ್ಲರ ಹೆಸರೂ ಮಾಯ! ಆಮೇಲೆ ಪಲ್ಲವಿ ಲಾಗಿನ್ ಹಚ್ಚಿದಳು. ಕೊಟ್ಟ ನಂಬರಿಗೆ ಬಂದ ಓಟಿಪಿ ಹಾಕಿದರೆ ಮಾತ್ರ ಒಳಗೆ. ನಮ್ಮಂಥವರು ಖಾಲಿ ಸೋಮವಾರಕ್ಕೆ ನಮ್ಮ ಹೆಸರು ಬರೆಯಬಹುದು, ಅಷ್ಟೇ. ಬೇರೆಯವರ ಹೆಸರು ತಿದ್ದುವ, ಅಳಿಸುವ ಅಧಿಕಾರ ಒಬ್ಬಳಿಗೇ. ಆ ಒಬ್ಬಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಸುವರ್ಣಾ.

ಹಿರಿಸೊಸೆ ನಾನು. ಕಾಳಿನ ಕೋಣೆಯ ಕೀಲಿಕೈ ಇರುವುದು ನನ್ನ ಸೊಂಟದಲ್ಲಿ. ನಿನ್ನೆ ಮೊನ್ನೆ ಬಂದವಳಿಗೆ ಗುಡಿಯ ಕೀಲಿಕೈಯೇ? ಸಾಲದ್ದಕ್ಕೆ ಪಕ್ಕದ ಮನೆಯ ಗಂಗಕ್ಕ ಚುಚ್ಚಿದಳು: "ನಿನ್ನ ನೆಗೆಣ್ಣಿ ಅಡ್ಮಿನ್ ಆಗ್ಯಾಳಂತಲ್ಲವಾ. ಇನ್ಮ್ಯಾಲ ಆಕೀನ್ನ ಕೇಳೇ ಒಲಿ ಹಚ್ಚೂದೇನ?" ಅಂದಿನಿಂದ ಸುವರ್ಣಾ ಫೋನು ಹಿಡಿದರೂ ಸಿಟ್ಟು, ನಕ್ಕರೂ ಸಿಟ್ಟು.

ಹೊಸದಾಗಿ ಹೆಸರು ಬರೆಯುವ ದಿನ ದೇವರಿಗೆ ದೀಪ ಹಚ್ಚಿ ಫೋನು ಹಿಡಿದು ಕುಳಿತೆ. ಓಟಿಪಿ ಬರಲೇ ಇಲ್ಲ. ನಮ್ಮ ಕಡೆ ಎಲ್ಲಿ ನಂಬರ್ ಕೇಳಿದರೂ ಹೆಂಗಸರು ಯಜಮಾನರದನ್ನೇ ಕೊಡುವುದು ರೂಢಿ. ಕೈಯಲ್ಲಿ ನನ್ನದೇ ಫೋನಿದ್ದರೂ ನಾನೂ ಹಾಗೇ ಮಾಡಿದ್ದೆ. ಅವರೋ ನಿಪ್ಪಾಣಿ ದಾರಿಯಲ್ಲಿ. ಫೋನು ಹಚ್ಚಿದೆ.

"ರೀ, ಓಟಿಪಿ ಬಂದೈತೇನ್ರಿ? ಲಗೂ ಹೇಳ್ರಿ."

"ಯಾರಿಗೂ ಹೇಳಬಾರದಂತ ದಿನಾ ಫೋನಿನ್ಯಾಗ ಒದರ್ತಾರ, ನಿನಗ ಹೆಂಗ ಹೇಳ್ಲಿ?" ಎಂದು ನಕ್ಕರು.

ಅವರು ಗಾಡಿ ನಿಲ್ಲಿಸಿ, ಕನ್ನಡಕ ಹುಡುಕಿ ಹೇಳುವಷ್ಟರಲ್ಲಿ ಅದರ ಹೊತ್ತು ಮೀರಿತ್ತು. ಇನ್ನೊಂದು ತರಿಸಿಕೊಂಡು ಒಳಗೆ ಹೊಕ್ಕರೆ ಕೊನೆಯ ಸೋಮವಾರದ ಮುಂದೆ ಗಂಗಕ್ಕನ ಹೆಸರು!

ಕೇಳಲು ಬಾಯಿ ಬರದಿದ್ದರೂ ಸುವರ್ಣಾಳ ಹತ್ತಿರ ಹೋದೆ. "ಗಂಗಕ್ಕನ ಹೆಸರ ತಗದು ನಂದ ಹಾಕ. ಹರಕಿ ಐತಿ."

"ಅಳಸಾಕ ಬರತೈತಿ ಅಕ್ಕಾ. ಆದ್ರ ಆಕೀನ್ನ ಕೇಳದ ಹೆಂಗ ಅಳಸ್ಲಿ? ನಾಳೆ ಯಾರರೆ ನಿನ್ನ ಹೆಸರ ಅಳಸಂದ್ರ ಅಳಸ್ಲೇನ?" ಎಂದಳು. ನನ್ನ ಮುಖ ನೋಡಿ, "ನಡಿ, ಇಬ್ಬರೂ ಹೋಗಿ ಕೇಳೂಣು" ಎಂದು ಚಪ್ಪಲಿ ಮೆಟ್ಟಿದಳು.

ಚುಚ್ಚಿದವಳ ಮನೆಗೇ ಬೇಡಲು ಹೋಗಬೇಕಾಯಿತು. ಗಂಗಕ್ಕ ಹರಕೆಯ ಮಾತು ಕೇಳಿ, "ಮದಲ ಹೇಳಬಾರದೇನವಾ? ಮಾಡ, ನೀನ ಮಾಡ. ಹೂರಣಾ ರುಬ್ಬಾಕ ನನ್ನೂ ಕರಿ ಮತ್ತ" ಎಂದಳು. ಸುವರ್ಣಾ ಅಲ್ಲೇ ನಿಂತು ಹೆಸರು ಬದಲಿಸಿದಳು.

ಹರಕೆ ತೀರಿತು. ಅತ್ತೆ ತಾವೇ ನೋಡಿಕೊಂಡು ಹೋಳಿಗೆಗೆ ತುಪ್ಪ ಬಿಟ್ಟರು. ನಂಬರ್ ಬದಲಿಸಿಕೊಂಡೆ, ಈಗ ಓಟಿಪಿ ನನ್ನ ಫೋನಿಗೇ ಬರುತ್ತದೆ. ಅದೂ ಶಿವನ ದಯೆಯೇ.

ಒಂದು ಮಾತು ಮಾತ್ರ ಮನಸ್ಸಿನಿಂದ ಹೋಗಿಲ್ಲ. ಆ ಕೀಲಿಕೈ ನನ್ನಲ್ಲಿದ್ದಿದ್ದರೆ ಗಂಗಕ್ಕನ ಹೆಸರು ಆಗಲೇ ಅಳಿಸಿ, ಮೇಲೆ ದೇವರಿಗೂ ಕೈಮುಗಿಯುತ್ತಿದ್ದೆ. ಅದನ್ನು ನನಗೆ ಕೊಡದೆ ಶಿವ ಕಾಪಾಡಿದ ಎಂದು ನಂಬಿದ್ದೇನೆ. ಆದರೂ ಸುವರ್ಣಾಳನ್ನು ಯಾರಾದರೂ ಅಡ್ಮಿನ್ ಎಂದು ಕರೆದರೆ ಹೊಟ್ಟೆಯಲ್ಲಿ ಇನ್ನೂ ಚುರ್ ಎನ್ನುತ್ತದೆ.