ಸಾವಿನ ಮನೆಗೆ ಬಸ್ಸಿನ ದುಡ್ಡು

ಅಪ್ಪ ಕಡಬದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ, ನಮ್ಮ ಮನೆಯ ಖರ್ಚೆಂದರೆ ಅಕ್ಕಿ, ಸೀಮೆಎಣ್ಣೆ, ನಾವು ಮೂವರು ಮಕ್ಕಳ ಪುಸ್ತಕ, ಬಟ್ಟೆ ಮತ್ತು ಅಪ್ಪನ ಚಪ್ಪಲಿ. ಗುಡ್ಡ ಹತ್ತಿ, ತೋಡು ದಾಟಿ ಕಾಗದ ಹಂಚುವ ಅವರ ಕಾಲಲ್ಲಿ ಯಾವ ಜೋಡೂ ಆರು ತಿಂಗಳು ಬಾಳುತ್ತಿರಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಅದರಲ್ಲಿ ಬಂದದ್ದು ನಮ್ಮ ಶಾಲೆಗೆ, ಅಕ್ಕನ ಕಿವಿಯ ಓಲೆಗೆ, ಅಪರೂಪಕ್ಕೊಮ್ಮೆ ಒಳ್ಳೆಯ ಮೀನಿಗೆ. ತನಗಾಗಿ ಅವಳು ಏನಾದರೂ ಕೊಂಡದ್ದು ನನಗೆ ನೆನಪಿಲ್ಲ.

ಅಕ್ಕ ಮದುವೆಯಾಗಿ ಸುಳ್ಯಕ್ಕೆ ಹೋದಳು. ಅಣ್ಣ ಪುತ್ತೂರಿನಲ್ಲಿ ಸಣ್ಣದೊಂದು ಅಂಗಡಿ ಹಾಕಿ ಅಲ್ಲೇ ಸಂಸಾರ ಹೂಡಿದ. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದೆ, ಅಪ್ಪ ಅಮ್ಮನ ಜೊತೆಗೇ ಉಳಿದೆ. ಅಷ್ಟರಲ್ಲಿ ಅಪ್ಪನಿಗೆ ನಿವೃತ್ತಿಯಾಗಿತ್ತು. ಸಾಮಾನು ತರುವ ಚೀಲ ನನ್ನ ಕೈಗೆ ಬಂತು. ಮೊದಲು ತಿಂಗಳಿಗೆ ಬೇಕಾಗುತ್ತಿದ್ದ ಅಕ್ಕಿಯಲ್ಲಿ ಈಗ ಎರಡು ತಿಂಗಳು ಕಳೆಯುತ್ತಿತ್ತು. ಕೋಡುಬಳೆ ತರುವುದು ನಿಂತಿತು, ಅಪ್ಪನಿಗೆ ಕಡಿಯಲು ಆಗುತ್ತಿರಲಿಲ್ಲ. ಅದರ ಬದಲಿಗೆ ಮಂಡಿನೋವಿನ ತೈಲ, ಕೆಮ್ಮಿನ ಮದ್ದು ಚೀಲದೊಳಗೆ ಬಂದವು.

ಇವೆಲ್ಲಕ್ಕಿಂತ ಹೆಚ್ಚು ದುಡ್ಡು ಹೋಗುತ್ತಿದ್ದುದು ಅಪ್ಪನ ಬಸ್ಸಿಗೆ. ತಾವು ಕಾಗದ ಕೊಟ್ಟ ಮನೆಗಳಲ್ಲಿ ಯಾರು ತೀರಿಕೊಂಡರೂ ಅವರು ಹೊರಡುತ್ತಿದ್ದರು. ಆ ಜನ ಈಗ ಕಡಬದಲ್ಲೇ ಇರುತ್ತಿರಲಿಲ್ಲ. ಒಬ್ಬರು ಮಗಳ ಮನೆ ಸೇರಿ ಕೊಲ್ಲಮೊಗ್ರಿನಲ್ಲಿ ಸತ್ತರೆ, ಇನ್ನೊಬ್ಬರು ಕೆದಂಬಾಡಿಯಲ್ಲಿ. ಸುದ್ದಿ ಬಂದ ಕೂಡಲೇ ಅಪ್ಪ ಬಿಳಿ ಅಂಗಿ ಹಾಕಿಕೊಂಡು ನಿಲ್ಲುತ್ತಿದ್ದರು. ಬರಿಗೈಯಲ್ಲಿ ಹೋಗುವವರಲ್ಲ. ಉತ್ತರಕ್ರಿಯೆಯ ದಿನ ಅಕ್ಕಿ, ತೆಂಗಿನಕಾಯಿ ಹಿಡಿದು ಇನ್ನೊಮ್ಮೆ ಹೋಗುತ್ತಿದ್ದರು.

ಅದೇ ಸಮಯಕ್ಕೆ ಅಮ್ಮನ ಕಣ್ಣು ಮಂಜಾಗತೊಡಗಿತ್ತು. ಅವಳು ಕಟ್ಟಿದ ಬೀಡಿಗಳನ್ನು ಬೀಡಿ ಕೊಳ್ಳುವ ಬ್ರಾಂಚಿನವರು ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದಿಡುತ್ತಿದ್ದರು. ಪುತ್ತೂರಿಗೆ ಹೋಗಿ ಕನ್ನಡಕ ಮಾಡಿಸಬೇಕು ಎಂದು ನಾನು ಹೇಳುವುದು, ಬರುವ ತಿಂಗಳು ಎಂದು ಅಪ್ಪ ಹೇಳುವುದು, ಹೀಗೇ ನಡೆಯಿತು. ಒಂದು ದಿನ ಅಮ್ಮನಿಗೆ ತಡೆಯಲಿಲ್ಲ.

“ಸತ್ತವರನ್ನು ನೋಡ್ಲಿಕ್ಕೆ ನಿಮ್ಮ ಹತ್ರ ದುಡ್ಡು ಉಂಟು. ಬದುಕಿದ್ದವಳಿಗೆ ಕಣ್ಣು ಕಾಣುದು ಬೇಡ.”

ಅಪ್ಪ ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಆ ವಾರವೇ, ಅಪ್ಪ ಕೆಲಕಾಲ ಕಾಗದ ಹಂಚಿದ್ದ ನೆಲ್ಯಾಡಿಯ ಕಡೆಯಿಂದ ಸುದ್ದಿ ಬಂತು. ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದ್ದ ಒಬ್ಬರು ಕ್ರೈಸ್ತರು ತೀರಿಕೊಂಡಿದ್ದರು. ಅಪ್ಪನಿಗೆ ಎರಡು ದಿನದಿಂದ ಜ್ವರ. ಒಬ್ಬರನ್ನೇ ಕಳಿಸಲು ಆಗದೆ ಅಮ್ಮ ಮುಖ ಗಂಟು ಹಾಕಿಕೊಂಡೇ ಹೊರಟಳು. ಶಾಲೆಗೆ ರಜೆ ಹಾಕಿ ನಾನೂ ಜೊತೆಗೆ ಹೋದೆ.

ಮನೆಯ ನಡುವೆ ಪೆಟ್ಟಿಗೆಯಲ್ಲಿ ಹೆಣವಿತ್ತು, ತಲೆಯ ಬಳಿ ಮೇಣದ ಬತ್ತಿ ಉರಿಯುತ್ತಿತ್ತು. ಅಪ್ಪ ಕೈಮುಗಿದು ಗೋಡೆಗೊರಗಿ ನಿಂತರು. ಸತ್ತವರ ಹೆಂಡತಿ ಅವರನ್ನು ನೋಡಿ ಎದ್ದು ಬಂದು, ನೇರ ಅಮ್ಮನ ಕೈ ಹಿಡಿದರು.

“ಅಕ್ಕಾ, ನಾವು ಈ ಕಾಡಿಗೆ ಬಂದ ವರ್ಷ ನನಗೆ ಒಂದು ಇಂಗ್ಲಿಷ್ ಟೆಲಿಗ್ರಾಂ ಬಂತು. ನನಗೆ ಇಂಗ್ಲಿಷೂ ಕನ್ನಡವೂ ಬರ್ತಿರ್ಲಿಲ್ಲ. ಅದನ್ನು ತಂದ ಇವರಿಗೆ ಮಲಯಾಳ ಬರುದಿಲ್ಲ. ಇವರು ಓದಿದ್ರು, ಆದ್ರೆ ನನಗೆ ಹೇಳ್ಲಿಕ್ಕೆ ಗೊತ್ತಾಗದೆ ಸುಮ್ಮನೆ ನಿಂತ್ರು. ಮುಖ ನೋಡಿ ನನಗೆ ಅರ್ಥ ಆಯ್ತು. ಊರಲ್ಲಿ ನನ್ನ ಅಮ್ಮ ತೀರಿಹೋಗಿದ್ರು.”

ಅವರು ಬಾಗಿಲ ಕಡೆ ಕೈ ತೋರಿಸಿದರು.

“ನನ್ನ ಯಜಮಾನ್ರು ಸಾಮಾನಿಗೆ ಗುಂಡ್ಯಕ್ಕೆ ಹೋಗಿದ್ರು. ಬಸುರಿ ನಾನು, ಒಬ್ಬಳೇ. ಅವರು ಬರುವವರೆಗೆ ಇವರು ಹೊರಗೆ ಆ ಮೆಟ್ಟಲಲ್ಲಿ ಕೂತಿದ್ರು. ಊಟ ಕೂಡ ಮಾಡ್ಲಿಲ್ಲ.”

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ನೆಲ ನೋಡುತ್ತಿದ್ದರು.

ಹಿಂದೆ ಬರುವಾಗ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಅಂಗಡಿಯೊಂದರ ಬೆಂಚಿನ ಮೇಲೆ ಮೂವರೂ ಕೂತಿದ್ದೆವು.

“ನೀವು ನನಗೆ ಒಂದು ದಿನವೂ ಹೇಳ್ಲಿಲ್ಲವಲ್ಲ” ಅಂದಳು ಅಮ್ಮ.

“ಎಂತ ಹೇಳುದು? ಅದು ಅವರ ಮನೆಯ ಕಾಗದ” ಅಂದರು ಅಪ್ಪ.

ಇಪ್ಪತ್ತು ವರ್ಷ ಅವರು ಎಷ್ಟು ಮನೆಗಳ ದುಃಖವನ್ನು ಚೀಲದಲ್ಲಿ ಹೊತ್ತು, ಯಾರಿಗೂ ಹೇಳದೆ ನಮ್ಮ ಜೊತೆ ಗಂಜಿ ಉಂಡಿದ್ದರೋ ಎಂದು ನನಗೆ ಆಗ ಅನಿಸಿತು. ಚಾ ಕುಡಿದ ಗ್ಲಾಸನ್ನು ಕೆಳಗಿಟ್ಟು ಅಮ್ಮ ಹೇಳಿದಳು: “ಕನ್ನಡಕ ನಿಧಾನ ಆದ್ರೂ ಸಾಕು.”

ಅಪ್ಪ ನಿಧಾನ ಮಾಡಲಿಲ್ಲ. ಪಿಂಚಣಿ ಬಂದ ಮರುದಿನವೇ ಅವಳನ್ನು ಪುತ್ತೂರಿಗೆ ಕರೆದುಕೊಂಡು ಹೋದರು. ಕನ್ನಡಕ ಹಾಕಿಕೊಂಡು ಅಮ್ಮ ಬೀಡಿಯ ಮೊರ ಮಡಿಲಲ್ಲಿಟ್ಟು ಕೂತಳು. ಎಲೆಯ ನರಗಳೆಲ್ಲ ಕಾಣುತ್ತಿದ್ದವು, ಆದರೆ ಬೆರಳುಗಳು ಸುರುಳಿ ಹಿಡಿಯಲಾರದೆ ನಡುಗುತ್ತಿದ್ದವು. ನಾಲ್ಕು ದಿನ ನೋಡಿ ಮೊರವನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ಅವಳ ಸಂಪಾದನೆ ಅಲ್ಲಿಗೆ ಮುಗಿಯಿತು. ಆ ಸಂಜೆ ಅವಳು ಹಿತ್ತಿಲಲ್ಲಿ ಬಹಳ ಹೊತ್ತು ಒಬ್ಬಳೇ ನಿಂತಿದ್ದಳು. ಅಪ್ಪ ಹೋಗಿ ಕರೆಯಲಿಲ್ಲ, ತಾವೂ ಹೋಗಿ ಪಕ್ಕದಲ್ಲಿ ನಿಂತರು.

ಆಮೇಲೆ ಸಾವಿನ ಸುದ್ದಿ ಬಂದಾಗಲೆಲ್ಲ ಅಪ್ಪನ ಅಂಗಿಯ ಜೇಬಿಗೆ ಬಸ್ಸಿನ ದುಡ್ಡು ಹಾಕುತ್ತಿದ್ದವಳು ಅಮ್ಮನೇ. ಆ ಖರ್ಚಿಗಾಗಿ ಅವಳು ತನ್ನ ಪಾಲಿನ ಸಂಜೆಯ ಹಾಲು ನಿಲ್ಲಿಸಿದ್ದು ನನಗೆ ತಿಳಿದದ್ದು ಬಹಳ ತಡವಾಗಿ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ಹೋದರು. ದೊಡ್ಡ ಜನ ಸೇರೀತು ಎಂದುಕೊಂಡಿದ್ದೆ. ಬಂದದ್ದು ಕೆಲವೇ ಮಂದಿ. ಅಪ್ಪ ಯಾರ ಬಾಗಿಲಿಗೆ ಕಾಗದ ಒಯ್ದಿದ್ದರೋ ಅವರಲ್ಲಿ ಹೆಚ್ಚಿನವರು ಆಗಲೇ ಇರಲಿಲ್ಲ.

ವರ್ಷ ಕಳೆಯುವ ಮೊದಲೇ ನೆಲ್ಯಾಡಿಯ ಆ ಹೆಂಗಸೂ ತೀರಿಕೊಂಡರು. ಶಾಲೆಯಿಂದ ಬಂದಾಗ ಅಮ್ಮ ಸೀರೆ ಬದಲಿಸಿ ಜಗಲಿಯಲ್ಲಿ ಕೂತಿದ್ದಳು.

“ಈ ಮಂಡಿನೋವಲ್ಲಿ ಅಷ್ಟು ದೂರ ಯಾಕಮ್ಮ?” ಅಂದೆ.

“ಅವರು ಇದ್ದಿದ್ರೆ ಹೋಗ್ತಿದ್ರು. ಬಸ್ಸು ಯಾವುದು ಅಂತ ನೀನು ಬಂದು ತೋರ್ಸು, ಸಾಕು” ಅಂದಳು.

ನಾನು ಚಪ್ಪಲಿ ಕಳಚಲಿಲ್ಲ. ಬೀಗ ತೆಗೆದುಕೊಂಡು ಅವಳ ಜೊತೆ ಹೊರಟೆ.